ಒತ್ತುವುದಷ್ಟೇ ಅಲ್ಲ, ಬಿಡುವುದೂ ಲೆಕ್ಕಕ್ಕಿದೆ: ಗೇಮಿಂಗ್ ಕೀಬೋರ್ಡ್ ಆರಿಸುವ ಬಗ್ಗೆ

(ಬದಿಯಡ್ಕದಲ್ಲಿ ಕಾಲೇಜು ಮಕ್ಕಳು ಮತ್ತು ಅವರ ಹೆತ್ತವರ ಮುಂದೆ ಆಡಿದ ಮಾತಿನ ಬರಹ ರೂಪ.)

ಗೇಮಿಂಗ್ ಕೀಬೋರ್ಡಿನ ಬಾಕ್ಸ್ ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ಒಂದು ದೊಡ್ಡ ಸಂಖ್ಯೆ. ಮೊದಲೆಲ್ಲ 1000 ಹರ್ಟ್ಸ್ ಅಂತ ಇರುತ್ತಿತ್ತು, ಈಗ 8000 ಹರ್ಟ್ಸ್. ಸಂಖ್ಯೆ ದೊಡ್ಡದಾದಷ್ಟು ಕೀಬೋರ್ಡ್ ಚುರುಕು ಅಂತ ನಾವು ಅಂದುಕೊಳ್ಳುತ್ತೇವೆ. ನಿಮ್ಮಲ್ಲಿ ಹೆಚ್ಚಿನವರು ಇವತ್ತು ಬಂದಿರುವುದು "ಯಾವುದು ತಗೊಳ್ಳಲಿ ಅಣ್ಣ?" ಅನ್ನುವ ಒಂದೇ ಪ್ರಶ್ನೆ ಹಿಡಿದುಕೊಂಡು ಅಂತ ನನಗೆ ಗೊತ್ತು. ಉತ್ತರ ಖಂಡಿತ ಹೇಳುತ್ತೇನೆ. ಅದಕ್ಕೆ ಮೊದಲು, ಒಂದು ಕೀ ಒತ್ತಿದಾಗ ಒಳಗೆ ಏನೇನು ನಡೆಯುತ್ತದೆ ಅಂತ ಒಮ್ಮೆ ನೋಡೋಣ. ಅದು ತಿಳಿದರೆ ಬಾಕ್ಸಿನ ಮೇಲಿನ ಆ ಸಂಖ್ಯೆಗೆ ಎಷ್ಟು ಬೆಲೆ ಕೊಡಬೇಕು ಅಂತ ನೀವೇ ನಿರ್ಧಾರ ಮಾಡುತ್ತೀರಿ.

ಇಲ್ಲಿ ಎಲ್ಲ ಲೆಕ್ಕವೂ ಮಿಲಿಸೆಕೆಂಡಿನಲ್ಲಿ. ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಅದು ಎಷ್ಟು ಅಂತ ಸುಮ್ನೆ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ನಾವು ಕುಂಬಳೆ ಸೀಮೆಯವರು, ಯಕ್ಷಗಾನದ ಕವಿ ಪಾರ್ತಿಸುಬ್ಬನ ಕಡೆಯವರು, ಹಾಗಾಗಿ ಚೆಂಡೆಯ ಲೆಕ್ಕದಲ್ಲೇ ಹೇಳುತ್ತೇನೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೈಕ್ ಇಲ್ಲದ ಯಕ್ಷಗಾನದ ಆಟದಲ್ಲಿ ರಂಗಸ್ಥಳದಿಂದ 34 ಮೀಟರ್ ದೂರ ಕುಳಿತವರಿಗೆ ಚೆಂಡೆಯ ಪೆಟ್ಟು 100 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಶಬ್ದ ಆಮೇಲೆ ಬರುತ್ತದೆ. ಗದ್ದೆಯ ಕೊನೆಯಲ್ಲಿ ಕುಳಿತು ಆಟ ನೋಡಿದವರು ಇದನ್ನು ಗಮನಿಸಿರುತ್ತೀರಿ. ಅದೇ ಲೆಕ್ಕದಲ್ಲಿ 10 ಮಿಲಿಸೆಕೆಂಡ್ ಅಂದರೆ ಮೂರೂವರೆ ಮೀಟರಿನಷ್ಟು ದೂರ. ಭಾಗವತರಿಂದ ಮೂರೂವರೆ ಮೀಟರ್ ಆಚೆ ಚೆಂಡೆಯವರು ನಿಂತರೂ ತಾಳ ತಪ್ಪುವುದಿಲ್ಲ. ಯಾಕೆ? ತಡ ಪ್ರತಿ ಪೆಟ್ಟಿಗೂ ಒಂದೇ ಆಗಿರುತ್ತದೆ. ಕೈ ಮತ್ತು ಕಿವಿ ಅದಕ್ಕೆ ಹೊಂದಿಕೊಳ್ಳುತ್ತವೆ. ಒಂದು ಪೆಟ್ಟು 5 ಮಿಲಿಸೆಕೆಂಡ್ ತಡ, ಮುಂದಿನದು 40, ಅದರ ಮುಂದಿನದು 15 ಅಂತ ಬಂದರೆ ಎಂಥ ಭಾಗವತರಿಗೂ ಪದ ಹೇಳಲು ಆಗುವುದಿಲ್ಲ. ಕೀಬೋರ್ಡಿಗೂ ಇದೇ ಮಾತು. ತಡ ಕಡಿಮೆ ಇರಬೇಕು, ಸರಿ. ಅದಕ್ಕಿಂತ ಮೊದಲು ಅದು ಒಂದೇ ಸಮ ಇರಬೇಕು.

ಇನ್ನೊಂದು ಸಂಶಯ ಹಲವರಿಗೆ ಬರುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಓಗೊಡಲು ಮನುಷ್ಯನಿಗೆ ಹೇಗೂ 200ರಿಂದ 250 ಮಿಲಿಸೆಕೆಂಡ್ ಬೇಕು. ಹಾಗಿರುವಾಗ ಕೀಬೋರ್ಡಿನ 10, 20 ಮಿಲಿಸೆಕೆಂಡಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ನೋಡಿ, ಆ 200 ನಿಮಗೂ ಇದೆ, ಎದುರಿನವನಿಗೂ ಇದೆ. ಇಬ್ಬರೂ ಒಂದೇ ಕ್ಷಣಕ್ಕೆ ಬೆರಳು ಒತ್ತಿದರೆ ಮುಂದೆ ಯಂತ್ರದ ತಡ ಯಾರದ್ದು ಕಡಿಮೆಯೋ ಅವನು ಗೆದ್ದ. ಅಲ್ಲದೆ ಆಟದಲ್ಲಿ ಎಲ್ಲವೂ ಕಂಡ ಮೇಲೆ ಒತ್ತುವುದಲ್ಲ. ಓಡುವುದು, ನಿಲ್ಲುವುದು, ಜಿಗಿಯುವುದು ಎಲ್ಲ ಮೊದಲೇ ಲೆಕ್ಕ ಹಾಕಿ ಮಾಡುವ ಚಲನೆ. ಅಲ್ಲಿ 20 ಮಿಲಿಸೆಕೆಂಡ್ ಹೆಚ್ಚು ಕಡಿಮೆಯಾದರೆ ಬೆರಳಿಗೆ ಗೊತ್ತಾಗುತ್ತದೆ.

ಈಗ ಕೀಯ ದಾರಿ ಹಿಡಿಯೋಣ. ಬೆರಳು ಕೀಯನ್ನು ಕೆಳಗೆ ತಳ್ಳುತ್ತದೆ. ಎಷ್ಟು ಕೆಳಗೆ ಹೋದಾಗ "ಒತ್ತಿದರು" ಅಂತ ಕೀಬೋರ್ಡಿಗೆ ತಿಳಿಯುತ್ತದೆ? ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ ಇರುತ್ತದೆ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚೇ ಇವತ್ತಿಗೂ ಎಲ್ಲರಿಗೂ ಅಳತೆಗೋಲು. ಅದರ ಪೇಟೆಂಟ್ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಅಂತ ಚೀನಾದ ಕಂಪನಿಗಳು ಅದೇ ಮಾದರಿಯನ್ನು ಕಡಿಮೆ ಬೆಲೆಗೆ ಮಾಡತೊಡಗಿದವು. ನಮ್ಮ ಕೈಗೆಟಕುವ ಬೆಲೆಗೆ ಮೆಕ್ಯಾನಿಕಲ್ ಕೀಬೋರ್ಡ್ ಬಂದದ್ದು ಹಾಗೆ. ಎಂಎಕ್ಸ್ ರೆಡ್ ಸ್ವಿಚ್ ಒಟ್ಟು 4 ಮಿಲಿಮೀಟರ್ ಕೆಳಗೆ ಹೋಗುತ್ತದೆ, 2 ಮಿಲಿಮೀಟರ್ ಆದಾಗ ಸಿಗ್ನಲ್ ಕೊಡುತ್ತದೆ. ಎಂಎಕ್ಸ್ ಸ್ಪೀಡ್ ಸಿಲ್ವರ್ ಅನ್ನುವ ಇನ್ನೊಂದು 1.2 ಮಿಲಿಮೀಟರಿಗೇ ಕೊಡುತ್ತದೆ.

ಈ 0.8 ಮಿಲಿಮೀಟರ್ ವ್ಯತ್ಯಾಸಕ್ಕೆ ಸಮಯ ಎಷ್ಟು? ಲೆಕ್ಕಕ್ಕಾಗಿ ಬೆರಳು ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಒತ್ತುತ್ತದೆ ಅಂತಿಟ್ಟುಕೊಳ್ಳಿ. ಆಗ ಒಂದು ಮಿಲಿಮೀಟರಿಗೆ 10 ಮಿಲಿಸೆಕೆಂಡ್. ರೆಡ್ ಸ್ವಿಚ್ಚಿನಲ್ಲಿ 20, ಸಿಲ್ವರಿನಲ್ಲಿ 12. ಉಳಿದದ್ದು 8 ಮಿಲಿಸೆಕೆಂಡ್. ಬೆರಳು ಇನ್ನೂ ಜೋರಾಗಿ ಬಡಿದರೆ ಉಳಿಕೆ ಕಡಿಮೆಯಾಗುತ್ತದೆ, ಮೆತ್ತಗೆ ಒತ್ತಿದರೆ ಜಾಸ್ತಿಯಾಗುತ್ತದೆ. ಈ 8 ಅನ್ನುವ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಒತ್ತುವುದನ್ನು ನೋಡಿದರೆ ಸಾಕು ಅಂದುಕೊಳ್ಳುತ್ತಾರೆ. ನಾನು ಇವತ್ತು ಒತ್ತಿ ಹೇಳಬೇಕು ಅಂತ ಬಂದ ಮಾತು ಬಿಡುವುದರ ಬಗ್ಗೆ.

ಕೌಂಟರ್-ಸ್ಟ್ರೈಕ್ ಅನ್ನುವ ಶೂಟಿಂಗ್ ಆಟ ಆಡುವವರಿಗೆ ಗೊತ್ತು, ಓಡುತ್ತಾ ಗುಂಡು ಹಾರಿಸಿದರೆ ಗುರಿ ಚೆದುರುತ್ತದೆ. ಮೊದಲು ನಿಲ್ಲಬೇಕು. ನೀವು 'ಡಿ' ಒತ್ತಿ ಬಲಕ್ಕೆ ಹೋಗುತ್ತಿದ್ದೀರಿ. 'ಡಿ' ಬಿಟ್ಟು 'ಎ' ಅನ್ನು ಒಮ್ಮೆ ತಟ್ಟಿದರೆ ಪಾತ್ರ ಥಟ್ಟನೆ ನಿಲ್ಲುತ್ತದೆ. ಇದನ್ನೇ ಕೌಂಟರ್ ಸ್ಟ್ರೇಫ್ ಅನ್ನುವುದು. ಈಗ ಯೋಚಿಸಿ, ಇಲ್ಲಿ ಮೊದಲು ಆಗಬೇಕಾದ ಕೆಲಸ ಒತ್ತುವುದಾ, ಬಿಡುವುದಾ? ಬಿಡುವುದು, ಅಲ್ವಾ? ಗಡಿಬಿಡಿಯಲ್ಲಿ ನಿಮ್ಮ ಬೆರಳು ಕೀಯನ್ನು ತಳದವರೆಗೆ, ಪೂರ್ತಿ 4 ಮಿಲಿಮೀಟರ್ ಅದುಮಿರುತ್ತದೆ. ಮಾಮೂಲಿ ಸ್ವಿಚ್ಚಿನಲ್ಲಿ ಸಿಗ್ನಲ್ ನಿಲ್ಲಬೇಕಾದರೆ ಕೀ ಮತ್ತೆ ಮೇಲೆದ್ದು ಆ 2 ಮಿಲಿಮೀಟರಿನ ಗೆರೆ ದಾಟಬೇಕು. ಅಷ್ಟು ಮೇಲೆ ಬರುವವರೆಗೂ ನೀವು ಬಿಟ್ಟಿದ್ದೀರಿ ಅಂತ ಕಂಪ್ಯೂಟರಿಗೆ ಗೊತ್ತೇ ಇಲ್ಲ. ಪಾತ್ರ ಓಡುತ್ತಲೇ ಇದೆ. ಮೊದಲಿನ ಲೆಕ್ಕದಲ್ಲೇ ಹೇಳಿದರೆ 20 ಮಿಲಿಸೆಕೆಂಡ್ ಹೋಯಿತು. ಟಕ್ ಟಕ್ ಅಂತ ಶಬ್ದ ಮಾಡುವ ಬ್ಲೂ ಸ್ವಿಚ್ಚಿನಲ್ಲಿ ಇನ್ನೂ ಕಷ್ಟ. ಅದು ಸಿಗ್ನಲ್ ಕೊಡುವ ಜಾಗ ಒಂದು, ನಿಲ್ಲಿಸುವ ಜಾಗ ಅದಕ್ಕಿಂತಲೂ ಮೇಲೆ. ಅಂಗಡಿಯಲ್ಲಿ ಆ ಶಬ್ದ ಕೇಳಲು ಚೆಂದ, ಟೈಪ್ ಮಾಡುವವರಿಗೆ ಖುಷಿ. ಆದರೆ ಒಂದೇ ಕೀಯನ್ನು ಬೇಗ ಬೇಗ ಒತ್ತಿ ಬಿಡುವ ಆಟಕ್ಕೆ ಬ್ಲೂ ತಗೊಳ್ಳಬೇಡಿ.

ಇದಕ್ಕೆ ಸಿಕ್ಕ ಪರಿಹಾರ ಹಾಲ್ ಎಫೆಕ್ಟ್ ಕೀಬೋರ್ಡ್. ಅಂಗಡಿಯವರು ಮ್ಯಾಗ್ನೆಟಿಕ್ ಕೀಬೋರ್ಡ್ ಅಂತಲೂ ಕರೆಯುತ್ತಾರೆ. ಕೀಯ ಕಾಂಡದಲ್ಲಿ ಒಂದು ಪುಟ್ಟ ಅಯಸ್ಕಾಂತ, ಕೆಳಗಿನ ಬೋರ್ಡಿನಲ್ಲಿ ಒಂದು ಸೆನ್ಸರ್. ಕೀ ಕೆಳಗಿಳಿದಂತೆ ಅಯಸ್ಕಾಂತ ಹತ್ತಿರ ಬರುತ್ತದೆ, ಸೆನ್ಸರಿನ ವೋಲ್ಟೇಜ್ ಬದಲಾಗುತ್ತದೆ. ಹಾಗಾಗಿ ಕೀ ಎಲ್ಲಿದೆ ಅಂತ ಪ್ರತಿ ಕ್ಷಣವೂ ಕೀಬೋರ್ಡಿಗೆ ತಿಳಿಯುತ್ತಿರುತ್ತದೆ. ಒತ್ತಿದೆಯೋ ಇಲ್ಲವೋ ಅನ್ನುವ ಎರಡೇ ಉತ್ತರವಲ್ಲ, ಎಷ್ಟು ಒತ್ತಿದೆ ಅನ್ನುವ ಅಳತೆಯೇ ಸಿಗುತ್ತದೆ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕರೆಂಟ್ ಹರಿಯುವ ಲೋಹದ ಹತ್ತಿರ ಅಯಸ್ಕಾಂತ ಬಂದರೆ ಹೀಗೆ ವೋಲ್ಟೇಜ್ ಹುಟ್ಟುತ್ತದೆ ಅಂತ ಅಮೆರಿಕದ ಎಡ್ವಿನ್ ಹಾಲ್ ಕಂಡುಹಿಡಿದದ್ದು 1879ರಲ್ಲಿ. ಹನಿವೆಲ್ ಕಂಪನಿ 1960ರ ದಶಕದ ಕೊನೆಗೇ ಇಂಥ ಕೀಗಳನ್ನು ಮಾಡಿತ್ತು. ಆಗ ಅವು ದೊಡ್ಡ ದೊಡ್ಡ ಕಂಪ್ಯೂಟರ್ ಟರ್ಮಿನಲ್‌ಗಳಿಗೆ ಹೋಗುತ್ತಿದ್ದವು, ಯಾಕೆಂದರೆ ಲೋಹಕ್ಕೆ ಲೋಹ ತಾಗುವುದಿಲ್ಲ, ಸವೆಯುವುದಿಲ್ಲ. ಗೇಮಿಂಗಿಗೆ ಇದನ್ನು ಮತ್ತೆ ಮುನ್ನೆಲೆಗೆ ತಂದವರು ನೆದರ್ಲ್ಯಾಂಡ್ಸಿನ ವೂಟಿಂಗ್ ಅನ್ನುವ ಸಣ್ಣ ಕಂಪನಿಯವರು.

ಅವರು ಜನಪ್ರಿಯ ಮಾಡಿದ್ದು ರ್‍ಯಾಪಿಡ್ ಟ್ರಿಗರ್. ಮಾತು ಸರಳ. ಬೆರಳು ಎಲ್ಲೇ ಇರಲಿ, ಕೀ 0.1 ಅಥವಾ 0.2 ಮಿಲಿಮೀಟರ್ ಮೇಲೆದ್ದ ತಕ್ಷಣ "ಬಿಟ್ಟರು" ಅಂತ ಲೆಕ್ಕ. ಮತ್ತೆ ಅಷ್ಟೇ ಕೆಳಗಿಳಿದರೆ "ಒತ್ತಿದರು" ಅಂತ ಲೆಕ್ಕ. ನಡುವೆ ಯಾವ ಗೆರೆಯನ್ನೂ ದಾಟಬೇಕಿಲ್ಲ. 20 ಮಿಲಿಸೆಕೆಂಡ್ ತಗೊಳ್ಳುತ್ತಿದ್ದ ಬಿಡುವಿಕೆ 2 ಮಿಲಿಸೆಕೆಂಡಿಗೆ ಇಳಿಯಿತು. ಉಳಿದದ್ದು 18. ಮನೆಯಲ್ಲಿರುವ ಮಾಮೂಲಿ 60 ಹರ್ಟ್ಸ್ ಮಾನಿಟರ್ ಒಂದು ಚಿತ್ರ ತೋರಿಸಲು 16.7 ಮಿಲಿಸೆಕೆಂಡ್ ತಗೊಳ್ಳುತ್ತದೆ. ಅದಕ್ಕಿಂತಲೂ ಜಾಸ್ತಿ ನಮಗೆ ಉಳಿಯಿತು. ಕೀಬೋರ್ಡಿನಲ್ಲಿ ಒಂದೇ ಒಂದು ಬದಲಾವಣೆಯಿಂದ ಇಷ್ಟು ಲಾಭ ಬೇರೆಲ್ಲೂ ಇಲ್ಲ. ನೀವು ಶೂಟಿಂಗ್ ಆಟ ಆಡುವವರಾದರೆ ದುಡ್ಡು ಹಾಕಬೇಕಾದ ಜಾಗ ಇದೇ.

ಕುಂಬಳೆಯಿಂದ ಬಂದ ತಮ್ಮ ಒಬ್ಬ ಇಲ್ಲೇ ಕೈ ಎತ್ತಿ ಕೇಳಿದ, "ಸ್ನ್ಯಾಪ್ ಟ್ಯಾಪ್ ಹಾಕಿದರೆ ಇನ್ನೂ ಬೇಗ ಅಲ್ವಾ ಅಣ್ಣ?" ಒಳ್ಳೆ ಪ್ರಶ್ನೆ, ಸ್ವಲ್ಪ ನಿಂತು ಹೇಳಬೇಕು. ಸ್ನ್ಯಾಪ್ ಟ್ಯಾಪ್ ರೇಜರ್ ಕಂಪನಿ 2024ರಲ್ಲಿ ತಂದದ್ದು. ಬೇರೆ ಕಂಪನಿಗಳಲ್ಲೂ ಬೇರೆ ಹೆಸರಿನಲ್ಲಿ ಇದೆ. 'ಡಿ' ಒತ್ತಿ ಹಿಡಿದೇ ಇದ್ದು 'ಎ' ಒತ್ತಿದರೆ, ಕೀಬೋರ್ಡ್ ತಾನೇ 'ಡಿ' ಬಿಟ್ಟಂತೆ ಮಾಡುತ್ತದೆ. ಅಂದರೆ ಬಿಡುವ ಕೆಲಸವನ್ನು ನಿಮ್ಮ ಬದಲು ಯಂತ್ರ ಮಾಡುತ್ತದೆ. ಅದೇ ವರ್ಷ ಆಗಸ್ಟಿನಲ್ಲಿ ಕೌಂಟರ್-ಸ್ಟ್ರೈಕ್ ಮಾಡುವ ವಾಲ್ವ್ ಕಂಪನಿ ಕೌಂಟರ್-ಸ್ಟ್ರೈಕ್ 2ರ ತನ್ನ ಅಧಿಕೃತ ಸರ್ವರ್‌ಗಳಲ್ಲಿ ಇದಕ್ಕೆ ಅವಕಾಶವಿಲ್ಲ ಅಂತ ಹೇಳಿತು. ಬಳಸಿದರೆ ಆಟದಿಂದ ಹೊರಗೆ ಹಾಕುತ್ತಾರೆ. ನನಗೆ ಆ ತೀರ್ಮಾನ ಸರಿ ಅನ್ನಿಸುತ್ತದೆ. ರ್‍ಯಾಪಿಡ್ ಟ್ರಿಗರಿನಲ್ಲಿ ಬೆರಳು ಎತ್ತುವವರು ನೀವೇ, ಕೀಬೋರ್ಡ್ ಅದನ್ನು ಬೇಗ ಗಮನಿಸುತ್ತದೆ ಅಷ್ಟೇ. ಸ್ನ್ಯಾಪ್ ಟ್ಯಾಪಿನಲ್ಲಿ ನೀವು ಮಾಡದ ಕೆಲಸ ಆಗುತ್ತದೆ. ಕಲಿತು ಕೈಗೆ ಬರಬೇಕಾದ ವಿದ್ಯೆಯನ್ನು ಸಾಫ್ಟ್‌ವೇರಿಗೆ ಬಿಡಬೇಡಿ. ಯಾವ ಟೂರ್ನಮೆಂಟಿಗೆ ಹೋಗುವುದಾದರೂ ಮೊದಲು ಅಲ್ಲಿನ ನಿಯಮ ಓದಿ, ಅದನ್ನು ಆಫ್ ಮಾಡಿ ಅಭ್ಯಾಸ ಮಾಡಿ.

ಸರಿ, ದಾರಿಗೆ ಮರಳೋಣ. ಮೆಕ್ಯಾನಿಕಲ್ ಸ್ವಿಚ್ಚಿನ ಒಳಗೆ ಎರಡು ಲೋಹದ ಪಟ್ಟಿಗಳು ತಾಗಿದಾಗ ಸಿಗ್ನಲ್ ಹೋಗುತ್ತದೆ. ಅವು ಒಮ್ಮೆ ತಾಗಿ ಸುಮ್ಮನಾಗುವುದಿಲ್ಲ. ತಾಗಿದ ಹೊಡೆತಕ್ಕೆ ಅದುರುತ್ತವೆ, ಕೆಲವು ಮಿಲಿಸೆಕೆಂಡಿನ ಒಳಗೆ ಹಲವು ಸಲ ತಾಗಿ ಬಿಟ್ಟು ಮಾಡುತ್ತವೆ. ಅದನ್ನೆಲ್ಲ ಹಾಗೇ ಕಳಿಸಿದರೆ ಒಂದು 'ಕೆ' ಒತ್ತಿದಲ್ಲಿ ಐದು 'ಕೆ' ಬರುತ್ತದೆ. ಹಾಗಾಗಿ ಕೀಬೋರ್ಡಿನೊಳಗಿನ ಪ್ರೋಗ್ರಾಂ ಸ್ವಲ್ಪ ಹೊತ್ತು ಕಾಯುತ್ತದೆ. ಅದುರುವುದು ನಿಂತ ಮೇಲೆ "ಹೌದು, ಒತ್ತಿದ್ದು ನಿಜ" ಅಂತ ಹೇಳುತ್ತದೆ. ಇದಕ್ಕೆ ಡಿಬೌನ್ಸ್ ಅನ್ನುತ್ತಾರೆ. ಯಾರು ಬೇಕಾದರೂ ಬಳಸಬಹುದಾದ ಕ್ಯೂಎಂಕೆ ಅನ್ನುವ ಕೀಬೋರ್ಡ್ ಪ್ರೋಗ್ರಾಮಿನಲ್ಲಿ ಈ ಕಾಯುವಿಕೆ ಮಾಮೂಲಾಗಿ 5 ಮಿಲಿಸೆಕೆಂಡ್. ಅದರಲ್ಲೇ ಇನ್ನೊಂದು ಕ್ರಮವೂ ಇದೆ. ಮೊದಲು ತಾಗಿದ ಕೂಡಲೇ ಸಿಗ್ನಲ್ ಕಳಿಸಿಬಿಡುವುದು, ಆಮೇಲೆ 5 ಮಿಲಿಸೆಕೆಂಡ್ ಏನೇ ಬಂದರೂ ಕಿವಿಗೆ ಹಾಕಿಕೊಳ್ಳದಿರುವುದು. ಸ್ವಿಚ್ ಅದೇ, ತಂತಿ ಅದೇ, ಕ್ರಮ ಬದಲಾದ್ದರಿಂದ 5 ಮಿಲಿಸೆಕೆಂಡ್ ಉಳಿಯಿತು. ಬೆಳಕಿನ ಕಿರಣ ತಡೆದು ಕೆಲಸ ಮಾಡುವ ಆಪ್ಟಿಕಲ್ ಸ್ವಿಚ್ಚಿನಲ್ಲೂ, ಹಾಲ್ ಎಫೆಕ್ಟಿನಲ್ಲೂ ಲೋಹ ತಾಗುವುದೇ ಇಲ್ಲ. ಹಾಗಾಗಿ ಈ ಕಾಯುವಿಕೆಯ ಅಗತ್ಯವೂ ಇಲ್ಲ.

ನಮ್ಮ ಊರಿನವರು ಈ ಜಾಗದಲ್ಲಿ ಸ್ವಲ್ಪ ಹೆಚ್ಚು ಗಮನ ಕೊಡಬೇಕು. ಕಾಸರಗೋಡಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ. ಕಡಲ ಬದಿಯಲ್ಲಿ ಗಾಳಿಯಲ್ಲೇ ಉಪ್ಪು. ನಾನು ಕೀಬೋರ್ಡ್ ರಿಪೇರಿ ಮಾಡುವವನಾದ್ದರಿಂದ ಮಳೆಗಾಲ ಮುಗಿದ ಮೇಲೆ ನನ್ನ ಮೇಜಿಗೆ ಒಂದೇ ಬಗೆಯ ದೂರು ಬರುತ್ತದೆ. "ಒಮ್ಮೆ ಒತ್ತಿದರೆ ಎರಡು ಅಕ್ಷರ ಬೀಳುತ್ತದೆ." ಸ್ವಿಚ್ಚಿನ ಮುಚ್ಚಳ ಬಿಚ್ಚಿದರೆ ಒಳಗೆ ಉಗುರಿನ ತುದಿಯಷ್ಟು ಅಗಲದ ಎರಡು ತಾಮ್ರದ ಎಲೆಗಳು ಕಾಣುತ್ತವೆ. ಒಂದರ ಮೇಲೆ ಸಾಸಿವೆಗಿಂತಲೂ ಚಿಕ್ಕ ಉಬ್ಬು. ಹೊಸತರಲ್ಲಿ ಅದು ಮಿನುಗುತ್ತದೆ. ಬಂದ ಕೀಬೋರ್ಡಿನಲ್ಲಿ ಆ ಉಬ್ಬಿನ ಸುತ್ತ ಮಂಕು ಪೊರೆ, ಜೊತೆಗೆ ಒಂದೆರಡು ಧೂಳಿನ ಎಳೆ. ವಿದ್ಯುತ್ ಆ ಪೊರೆಯನ್ನು ದಾಟಲು ಒದ್ದಾಡುತ್ತದೆ. ತಾಗಿತು, ಬಿಟ್ಟಿತು, ಮತ್ತೆ ತಾಗಿತು. 5 ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಅದುರು 20, 30ಕ್ಕೆ ಹೋಗುತ್ತದೆ, ಡಬಲ್ ಅಕ್ಷರ ಬೀಳುತ್ತದೆ. ಕೆಲವರು ಸಾಫ್ಟ್‌ವೇರಿನಲ್ಲಿ ಡಿಬೌನ್ಸ್ ಜಾಸ್ತಿ ಮಾಡಿ ಇದನ್ನು ಮುಚ್ಚಿಹಾಕುತ್ತಾರೆ. ಡಬಲ್ ಬೀಳುವುದು ನಿಲ್ಲುತ್ತದೆ, ಆದರೆ ಪ್ರತಿ ಕೀಯೂ ಅಷ್ಟು ತಡವಾಗುತ್ತದೆ. ದುಡ್ಡು ಕೊಟ್ಟು ತಂದ ಚುರುಕು ಅಲ್ಲಿಗೆ ಹೋಯಿತು.

ಅದಕ್ಕೇ ನಾನು ಹೇಳುವುದು, ಮೆಕ್ಯಾನಿಕಲ್ ತಗೊಳ್ಳುವುದಾದರೆ ಹಾಟ್-ಸ್ವಾಪ್ ಇರುವುದನ್ನೇ ತಗೊಳ್ಳಿ. ಬೆಸುಗೆ ಬಿಚ್ಚದೆ, ಬಾಕ್ಸಿನಲ್ಲಿ ಕೊಟ್ಟ ಚಿಮಟದಿಂದ ಸ್ವಿಚ್ಚನ್ನು ಎಳೆದು ತೆಗೆದು ಬೇರೆ ಹಾಕಬಹುದು. ಜೊತೆಗೆ ಅದೇ ಜಾತಿಯ ನಾಲ್ಕೈದು ಸ್ವಿಚ್ ತೆಗೆದಿಟ್ಟುಕೊಳ್ಳಿ. ಹಾಕುವಾಗ ಕೆಳಗಿನ ಎರಡು ಕಾಲು ನೆಟ್ಟಗಿವೆಯಾ ನೋಡಿ, ಬಗ್ಗಿದ ಕಾಲನ್ನು ಒತ್ತಿದರೆ ಬೋರ್ಡಿನ ಸಾಕೆಟ್ಟೇ ಕಿತ್ತು ಬರುತ್ತದೆ. ಹಾಲ್ ಎಫೆಕ್ಟ್ ಆದರೆ ಈ ತಾಪತ್ರಯವೇ ಇಲ್ಲ, ತುಕ್ಕು ಹಿಡಿಯಲು ತಾಗುವ ಎಲೆಗಳೇ ಇಲ್ಲವಲ್ಲ. ನಮ್ಮ ಹವೆಗೆ ಅದು ಹೊಂದುತ್ತದೆ ಅನ್ನಲು ಆಟಕ್ಕಿಂತಲೂ ಇದೇ ನನಗೆ ದೊಡ್ಡ ಕಾರಣ. ಒಂದು ಎಚ್ಚರಿಕೆ ಮಾತ್ರ. ಅಯಸ್ಕಾಂತದ ಅಳತೆ ಶಾಖಕ್ಕೆ ಸ್ವಲ್ಪ ಬದಲಾಗುತ್ತದೆ. ಆಗಾಗ ಅದರ ಸಾಫ್ಟ್‌ವೇರಿನಲ್ಲಿ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಹೊಂದಿಸುವ ಕೆಲಸ, ಮಾಡಿ. ಸ್ಪೀಕರನ್ನು ಕೀಬೋರ್ಡಿಗೆ ಒತ್ತಿಕೊಂಡು ಇಡಬೇಡಿ. ಯಾವ ಕೀಬೋರ್ಡೇ ಇರಲಿ, ಆಟ ಮುಗಿದ ಮೇಲೆ ಮೇಲೊಂದು ಬೈರಾಸು ಮುಚ್ಚಿಡಿ. ಚಹಾ, ತಿಂಡಿ ಮೇಜಿನ ಇನ್ನೊಂದು ಬದಿಗೆ. ಸಿಹಿ ಚೆಲ್ಲಿದರೆ ಇರುವೆ ಸ್ವಿಚ್ಚಿನೊಳಗೇ ಸಾಲು ಹಿಡಿಯುತ್ತದೆ.

ಮುಂದೆ ಸ್ಕ್ಯಾನಿಂಗ್. ಕೀಬೋರ್ಡಿನಲ್ಲಿ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲು ಅಂತ ಚೌಕಟ್ಟು ಇರುತ್ತದೆ. ಒಂದೊಂದೇ ಸಾಲಿಗೆ ಕರೆಂಟ್ ಕೊಟ್ಟು ಯಾವ ಕೀ ಒತ್ತಿದೆ ಅಂತ ನೋಡುತ್ತಾ ಹೋಗುತ್ತದೆ. ಒಂದು ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದರೆ, ಕರೆಂಟ್ ಸುತ್ತಿಬಳಸಿ ಹೋಗಿ ನಾಲ್ಕನೇ ಮೂಲೆಯೂ ಒತ್ತಿದಂತೆ ತೋರುತ್ತದೆ. ಇದೇ ಘೋಸ್ಟಿಂಗ್. ಒಳ್ಳೆಯ ಕೀಬೋರ್ಡಿನಲ್ಲಿ ಪ್ರತಿ ಕೀಗೂ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿ ಇದನ್ನು ತಡೆಯುತ್ತಾರೆ. ಬೇರೆ ಬೇರೆ ಸ್ವಿಚ್ ಬದಲು ಒಳಗೆ ಪ್ಲಾಸ್ಟಿಕ್ ಹಾಳೆ ಇರುವ ಅಗ್ಗದ ಮೆಂಬ್ರೇನ್ ಕೀಬೋರ್ಡಿನಲ್ಲಿ ಡಯೋಡ್ ಇಲ್ಲ. ಅನುಮಾನ ಬಂದಾಗ ಅದು ಮೂರನೇ ಕೀಯನ್ನೇ ಬಿಟ್ಟುಬಿಡುತ್ತದೆ. ಓಡುತ್ತಾ, ಬಗ್ಗಿ, ಜಿಗಿಯಲು ಹೋದರೆ ಜಿಗಿಯುವುದಿಲ್ಲ.

ಮುಳ್ಳೇರಿಯದ ಒಬ್ಬ ಅಮ್ಮ ಕೇಳಿದರು, "ಮಗ ಸೋತಾಗೆಲ್ಲ ಕೀಬೋರ್ಡ್ ಸರಿ ಇಲ್ಲ ಅಂತಾನೆ, ನಿಜವಾ?" ಅಮ್ಮಾ, ನಿಜ ಇರಬಹುದು, ಮನೆಯಲ್ಲೇ ಪರೀಕ್ಷೆ ಮಾಡಿ. ನೋಟ್‌ಪ್ಯಾಡ್ ತೆರೆಯಿರಿ. ಎರಡೂ ಬದಿಯ ಶಿಫ್ಟ್ ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಹಾಗೇ ಹಿಡಿದು ಇಂಗ್ಲಿಷಿನ 26 ಅಕ್ಷರಗಳನ್ನೂ ಒಂದೊಂದಾಗಿ ಒತ್ತಲು ಮಗನಿಗೆ ಹೇಳಿ. ಎಲ್ಲವೂ ಬಿದ್ದರೆ ಅಲ್ಲಿ ತೊಂದರೆ ಇಲ್ಲ. ಕೆಲವು ಬೀಳದಿದ್ದರೆ ಆ ಕೀಬೋರ್ಡಿಗೆ ಒಟ್ಟಿಗೆ ಹೆಚ್ಚು ಕೀ ತಡೆದುಕೊಳ್ಳುವ ಶಕ್ತಿ ಇಲ್ಲ ಅಂತ ಅರ್ಥ. ಇನ್ನೊಂದನ್ನೂ ನೋಡಿ. ವಿಂಡೋಸಿನಲ್ಲಿ ಬಲಬದಿಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಆನ್ ಮಾಡಬೇಕಾ ಅಂತ ಕೇಳುತ್ತದೆ. ಆಟದ ಮಧ್ಯೆ ಗೊತ್ತಿಲ್ಲದೆ ಹೌದು ಅಂದುಬಿಟ್ಟರೆ, ಕೀಯನ್ನು ಸ್ವಲ್ಪ ಹೊತ್ತು ಹಿಡಿದೇ ಇರದಿದ್ದರೆ ಕಂಪ್ಯೂಟರ್ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕೈ ನಡುಗುವವರಿಗೆ ತುಂಬ ಉಪಕಾರದ ಸೌಲಭ್ಯ ಅದು. ಆಡುವವನಿಗೆ ಮಾತ್ರ ಕೀಬೋರ್ಡ್ ಸತ್ತಂತೆ ಅನ್ನಿಸುತ್ತದೆ. ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ, ಅದರಲ್ಲಿ ಕೀಬೋರ್ಡ್, ಅಲ್ಲಿ ಆಫ್ ಮಾಡಿ. ದುಡ್ಡು ಖರ್ಚಿಲ್ಲದೆ ಸರಿಯಾಗುವ ಕಾಯಿಲೆ ಇದು.

ಈಗ ಬಾಕ್ಸಿನ ಮೇಲಿನ ಆ ಸಂಖ್ಯೆಗೆ ಬರೋಣ. ಯುಎಸ್‌ಬಿಯಲ್ಲಿ ಕೀಬೋರ್ಡ್ ತಾನಾಗಿ ಕಂಪ್ಯೂಟರಿಗೆ ಏನನ್ನೂ ಕಳಿಸುವಂತಿಲ್ಲ. ಕಂಪ್ಯೂಟರ್ ಕೇಳಬೇಕು, ಆಮೇಲೆ ಕೀಬೋರ್ಡ್ ಹೇಳಬೇಕು. ಸೆಕೆಂಡಿಗೆ ಎಷ್ಟು ಸಲ ಕೇಳುತ್ತದೆ ಅನ್ನುವುದೇ ಪೋಲಿಂಗ್ ರೇಟ್, ಆ ಹರ್ಟ್ಸ್. ಮಾಮೂಲಿ ಕೀಬೋರ್ಡ್ 125. ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಕೇಳುತ್ತದೆ, ಸರಾಸರಿ ನಾವು ಕಾಯುವುದು 4 ಮಿಲಿಸೆಕೆಂಡ್. 1000 ಆದರೆ ಸರಾಸರಿ ಅರ್ಧ ಮಿಲಿಸೆಕೆಂಡ್. 8000 ಆದರೆ 0.06. ಕಳೆದು ನೋಡಿ. 125ರಿಂದ 1000ಕ್ಕೆ ಹೋದರೆ ಮೂರೂವರೆ ಮಿಲಿಸೆಕೆಂಡ್ ಉಳಿಯುತ್ತದೆ, ಅದು ಬೇಕು. 1000ದಿಂದ 8000ಕ್ಕೆ ಹೋದರೆ ಉಳಿಯುವುದು ಅರ್ಧ ಮಿಲಿಸೆಕೆಂಡಿಗೂ ಕಡಿಮೆ. ಸ್ವಿಚ್ಚಿನ ಎತ್ತರ ಬದಲಿಸಿ 8 ಉಳಿಸಿದೆವು, ಬಿಡುವುದರಲ್ಲಿ 18 ಉಳಿಸಿದೆವು, ಡಿಬೌನ್ಸಿನಲ್ಲಿ 5. ಇಲ್ಲಿ ಅರ್ಧ. ಅದೂ ಒಳಗಿನ ಸ್ಕ್ಯಾನಿಂಗ್ ಅಷ್ಟೇ ಚುರುಕಾಗಿದ್ದರೆ ಮಾತ್ರ. ಒಳಗೆ ಸೆಕೆಂಡಿಗೆ ಸಾವಿರ ಸಲ ಮಾತ್ರ ಸ್ಕ್ಯಾನ್ ಮಾಡಿ, ಹೊರಗೆ ಎಂಟು ಸಾವಿರ ಸಲ ಹೇಳಿದರೆ ಹಳೆಯ ಸುದ್ದಿಯನ್ನೇ ಎಂಟು ಸಲ ಹೇಳಿದಂತಾಯಿತು. ಹಳೆಯ ಪ್ರೊಸೆಸರ್ ಇರುವವರಿಗೆ 8000 ಅನ್ನುವುದು ಹೊರೆಯೂ ಆಗಬಹುದು. 1000 ಇದ್ದರೆ ಸಾಕು, ಅದರ ಮೇಲಿನದಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ.

ಬೆಲೆ ನೋಡಿ ಚುರುಕು ಹೇಳಲಾಗದು ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 2017ರಲ್ಲಿ ಡ್ಯಾನ್ ಲೂ ಅನ್ನುವ ಅಮೆರಿಕದ ಪ್ರೋಗ್ರಾಮರ್ ಸುಮಾರು ಇಪ್ಪತ್ತು ಕೀಬೋರ್ಡ್ ಇಟ್ಟುಕೊಂಡು, ಕೀ ಅಲ್ಲಾಡಲು ಶುರುವಾದ ಕ್ಷಣದಿಂದ ಯುಎಸ್‌ಬಿ ತಂತಿಯಲ್ಲಿ ಸುದ್ದಿ ಹೊರಡುವ ಕ್ಷಣದವರೆಗೆ ಅಳೆದರು. ಬೇಗದ್ದು 15 ಮಿಲಿಸೆಕೆಂಡ್, ಅದು ಆಪಲ್ ಕಂಪನಿಯ ಆಫೀಸು ಕೀಬೋರ್ಡ್. ನಿಧಾನದ್ದು 60. ನಮ್ಮ ಎಲ್ಲ ಸೈಬರ್ ಅಂಗಡಿಗಳಲ್ಲೂ ಕಾಣುವ ಲಾಜಿಟೆಕ್ ಕೆ120, ಅಗ್ಗದ ಮೆಂಬ್ರೇನ್, 30ಕ್ಕೆ ಬಂತು. ಅದರ ಹತ್ತು ಪಟ್ಟು ಬೆಲೆಯ ಕೆಲವು ಮೆಕ್ಯಾನಿಕಲ್‌ಗಳು ಅದೇ 30ಕ್ಕೆ, ಇನ್ನು ಕೆಲವು 40ಕ್ಕೆ ಬಂದವು. ಆಪಲ್‌ನದ್ದು ಗೆದ್ದದ್ದಕ್ಕೆ ದೊಡ್ಡ ಕಾರಣ, ಅದರ ಕೀ ಕೆಳಗೆ ಹೋಗಬೇಕಾದ ದೂರವೇ ಕಡಿಮೆ. ಈಗಿನ ಕೀಬೋರ್ಡ್‌ಗಳು ಅದಕ್ಕಿಂತ ತುಂಬ ಮುಂದೆ ಹೋಗಿವೆ. ಆದರೆ ಮೆಕ್ಯಾನಿಕಲ್ ಅನ್ನುವ ಪದ, ಬಣ್ಣದ ಲೈಟು, ಬೆಲೆ, ಈ ಮೂರನ್ನೂ ನೋಡಿ ಚುರುಕನ್ನು ಊಹಿಸುವ ಅಭ್ಯಾಸ ಬಿಡಬೇಕು ಅಂತ ಆ ಅಳತೆ ಇವತ್ತಿಗೂ ಹೇಳುತ್ತದೆ.

ವೈರ್‌ಲೆಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬ್ಲೂಟೂತ್ ಆಟಕ್ಕಲ್ಲ. ಈಗಿನ ಕಡಿಮೆ ಶಕ್ತಿಯ ಬ್ಲೂಟೂತಿನಲ್ಲಿ ಎರಡು ಮಾತಿನ ನಡುವಿನ ಅಂತರ ಮಾಮೂಲಾಗಿ 7.5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ, ಮೇಲೆ ತುಂಬ ಹೋಗಬಹುದು. ಯುಎಸ್‌ಬಿಗೆ ಸಿಕ್ಕಿಸುವ 2.4 ಗಿಗಾಹರ್ಟ್ಸ್ ರಿಸೀವರ್, ಅಂದರೆ ಡಾಂಗಲ್ ಕೊಡುವ ಒಳ್ಳೆಯ ಕೀಬೋರ್ಡ್‌ಗಳು ತಂತಿಯ ಹತ್ತಿರ ಹತ್ತಿರ ಬರುತ್ತವೆ. ಡಾಂಗಲನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನ ಪಕ್ಕ ಸಿಕ್ಕಿಸಬೇಡಿ, ಅದರ ಗದ್ದಲ ಇದೇ 2.4ರ ಮೇಲೆ ಬೀಳುತ್ತದೆ. ಒಂದು ಚಿಕ್ಕ ಎಕ್ಸ್‌ಟೆನ್ಷನ್ ವಯರ್ ಹಾಕಿ ಮೇಜಿನ ಮೇಲೆ ತನ್ನಿ. ಆದರೂ ನಾನು ತಂತಿಯದ್ದನ್ನೇ ಹೇಳುತ್ತೇನೆ. ಅದೇ ದುಡ್ಡಿಗೆ ಒಳಗಿನ ಸಾಮಾನು ಒಳ್ಳೆಯದು ಸಿಗುತ್ತದೆ, ಆಟದ ಮಧ್ಯೆ ಬ್ಯಾಟರಿ ಹೋಗುವ ಗೋಳಿಲ್ಲ.

ಒಬ್ಬರು ಮಾಷ್ಟ್ರು ಕೇಳಿದರು, ಬಜೆಟ್ ಐದಾರು ಸಾವಿರ ಇದೆ, ಎಲ್ಲ ಕೀಬೋರ್ಡಿಗೇ ಹಾಕಬೇಕಾ ಅಂತ. ಮೊದಲು ಮಾನಿಟರ್ ನೋಡಿ ಮಾಷ್ಟ್ರೇ. 60 ಹರ್ಟ್ಸಿನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, 144ರಲ್ಲಿ 6.9. ಮನೆಗೆ 144 ಹರ್ಟ್ಸ್ ಮಾನಿಟರ್ ತಂದು, ವಿಂಡೋಸ್ ಸೆಟ್ಟಿಂಗಿನಲ್ಲಿ ಅದನ್ನು 60ರಲ್ಲೇ ಬಿಟ್ಟವರು ತುಂಬ ಜನ ಇದ್ದಾರೆ. ಡಿಸ್‌ಪ್ಲೇ ಸೆಟ್ಟಿಂಗ್ಸಿಗೆ ಹೋಗಿ ಬದಲಿಸಿದರೆ ಮುಗಿಯಿತು. ಟಿವಿಗೆ ಕಂಪ್ಯೂಟರ್ ಜೋಡಿಸಿ ಆಡುವವರು ಟಿವಿಯ ಗೇಮ್ ಮೋಡ್ ಆನ್ ಮಾಡಿ, ಚಿತ್ರ ಚೆಂದ ಮಾಡಲು ಹೋಗಿ ಟಿವಿ ತಿನ್ನುವ ಸಮಯ ಹೆಚ್ಚಾಗಿ ಕೀಬೋರ್ಡಿನ ತಡಕ್ಕಿಂತಲೂ ಜಾಸ್ತಿ. ಇಂಟರ್ನೆಟ್ಟಿನ ಪಿಂಗ್ ಬೇರೆ ವಿಷಯ. ಮುಂಬೈ ಸರ್ವರಿಗೆ ಹೋಗಿ ಬರುವ ತಡವನ್ನು ಶೂಟಿಂಗ್ ಆಟದ ಸರ್ವರ್ ತಾನೇ ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ನಿಮ್ಮ ಕೀಬೋರ್ಡಿನೊಳಗೆ ಆದ ತಡ ಸರ್ವರಿಗೆ ಕಾಣುವುದೇ ಇಲ್ಲ, ಸರಿದೂಗಿಸುವವರೂ ಇಲ್ಲ. ಪಿಂಗ್ 40 ಇರುವಾಗ ಕೀಬೋರ್ಡಿನ 10 ಯಾಕೆ ಅನ್ನುವವರಿಗೆ ನನ್ನ ಉತ್ತರ ಇದು.

ಇನ್ನು ಯಾವುದು ತಗೊಳ್ಳುವುದು ಅಂತ. ಒಂದು ಸಾವಿರದೊಳಗೆ ಆದರೆ ತಂತಿಯ ಮೆಂಬ್ರೇನೇ ಸಾಕು. ಡಬ್ಲ್ಯು, ಎ, ಎಸ್, ಡಿ ಸುತ್ತ ಆಂಟಿ-ಘೋಸ್ಟಿಂಗ್ ಇರಲಿ. ಎರಡು ಮೂರು ಸಾವಿರ ಇದ್ದರೆ ತಂತಿಯ ಮೆಕ್ಯಾನಿಕಲ್, ಹಾಟ್-ಸ್ವಾಪ್, ಟಕ್ ಅನ್ನದೆ ಒಂದೇ ಸಮ ಕೆಳಗಿಳಿಯುವ ರೆಡ್ ಜಾತಿಯ ಲೀನಿಯರ್ ಸ್ವಿಚ್, 1000 ಹರ್ಟ್ಸ್. ಐದು ಸಾವಿರದ ಆಸುಪಾಸು ಕೊಡಬಲ್ಲಿರಾದರೆ, ಆಡುವುದು ಶೂಟಿಂಗ್ ಆಟವಾದರೆ, ಹಾಲ್ ಎಫೆಕ್ಟ್ ತಗೊಳ್ಳಿ. ಕೆಲವು ವರ್ಷಗಳ ಹಿಂದೆ ಆ ಬೆಲೆಗೆ ಇದು ಸಿಗುತ್ತಲೇ ಇರಲಿಲ್ಲ. ಕ್ರಿಕೆಟ್, ಫುಟ್‌ಬಾಲ್, ಕಾರ್ ಓಡಿಸುವ ಆಟ ಆಡುವವರಿಗೆ ಇಷ್ಟು ಬೇಕಾಗಿಲ್ಲ. ನಂಬರ್ ಕೀಗಳಿಲ್ಲದ ಚಿಕ್ಕ ಮಾದರಿ ತಗೊಂಡರೆ ಮೌಸಿಗೆ ಜಾಗ ಸಿಗುತ್ತದೆ. ಅಡಿಕೆ ಲೆಕ್ಕ ಬರೆಯಲು ಅಪ್ಪನೂ ಅದೇ ಕಂಪ್ಯೂಟರ್ ಬಳಸುತ್ತಾರೆ ಅಂತಾದರೆ ಪೂರ್ತಿ ಅಳತೆಯದ್ದೇ ಇರಲಿ.

ಸಾಧ್ಯವಾದರೆ ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಅಂಗಡಿಗೆ ಹೋಗಿ ಬೆರಳಿಟ್ಟು ನೋಡಿ. ಕೀಯನ್ನು ಅರ್ಧ ಒತ್ತಿ ಹಿಡಿದು ಮೆಲ್ಲಗೆ ಬಿಡಿ, ಕೆಳಗೆ ಅದುಮಿ ಬೆರಳು ಸ್ವಲ್ಪವೇ ಎತ್ತಿ. ಸ್ಪೇಸ್ ಬಾರಿನ ಎರಡೂ ತುದಿ ಒತ್ತಿ ನೋಡಿ, ಒಂದು ಬದಿಯಲ್ಲಿ ಸಿಕ್ಕಿಕೊಳ್ಳುತ್ತದಾ ಅಂತ. ಆನ್‌ಲೈನಿನಲ್ಲಿ ತರಿಸಿದರೆ ಹಿಂದಿರುಗಿಸುವ ದಿನ ಮುಗಿಯುವ ಮೊದಲೇ ಶಿಫ್ಟ್ ಪರೀಕ್ಷೆ ಮಾಡಿ, ಪ್ರತಿ ಕೀಯನ್ನೂ ಹತ್ತಿಪ್ಪತ್ತು ಸಲ ತಟ್ಟಿ ಡಬಲ್ ಬೀಳುತ್ತದಾ ನೋಡಿ. ಹಾಲ್ ಎಫೆಕ್ಟ್ ಆದರೆ ಅದರ ಸಾಫ್ಟ್‌ವೇರಿನಲ್ಲಿ ಕೀಯ ಆಳ ತೋರಿಸುವ ಗೆರೆ ಇರುತ್ತದೆ. ಕೀ ಮುಟ್ಟದೆ ಇರುವಾಗ ಆ ಗೆರೆ ಅಲುಗಾಡಬಾರದು. ಅಲುಗಾಡಿದರೆ ಅಂಥ ಬೋರ್ಡಿನಲ್ಲಿ 0.1 ಮಿಲಿಮೀಟರ್ ಅನ್ನುವುದು ಬರೀ ಬಾಯಿಮಾತು, ಕೂಡಲೇ ವಾಪಸ್ ಕಳಿಸಿ.

ಕೊನೆಗೆ ನೀರ್ಚಾಲಿನ ತಂಗಿಯೊಬ್ಬಳು ಕೇಳಿದಳು, ಇಂಥ ಕೀಬೋರ್ಡಿನಲ್ಲಿ ಕನ್ನಡ ಟೈಪ್ ಮಾಡಲು ಆಗುತ್ತದಾ ಅಂತ. ಖಂಡಿತ ಆಗುತ್ತದೆ. ಯಾವ ಕೀಗೆ ಯಾವ ಅಕ್ಷರ ಅನ್ನುವುದು ಕಂಪ್ಯೂಟರಿನಲ್ಲಿ ತೀರ್ಮಾನವಾಗುವುದು, ಕೀಬೋರ್ಡಿನಲ್ಲಿ ಅಲ್ಲ. ಆದರೆ ಆಟಕ್ಕೆ ಅಂತ 0.2 ಮಿಲಿಮೀಟರಿಗೆ ಇಟ್ಟು ಪ್ರಾಜೆಕ್ಟ್ ಬರೆಯಲು ಕುಳಿತರೆ, ಬೆರಳು ಸುಮ್ನೆ ಇಟ್ಟರೂ ಅಕ್ಷರ ಬೀಳುತ್ತದೆ. ಎರಡು ಪ್ರೊಫೈಲ್ ಮಾಡಿಟ್ಟುಕೋ. ಬರೆಯಲು ಎಲ್ಲ ಕೀಗೂ 2 ಮಿಲಿಮೀಟರ್, ರ್‍ಯಾಪಿಡ್ ಟ್ರಿಗರ್ ಆಫ್. ಆಡಲು ಓಡುವ ನಾಲ್ಕು ಕೀಗೆ ಮಾತ್ರ ರ್‍ಯಾಪಿಡ್ ಟ್ರಿಗರ್ ಆನ್. ಬಾಂಬು, ಬಂದೂಕು ಬದಲಿಸುವ ಕೀಗಳು 2 ಮಿಲಿಮೀಟರಿನಲ್ಲೇ ಇರಲಿ, ಕೈ ತಾಗಿದರೆ ಬದಲಾಗಬಾರದಲ್ಲ. ಶುರುವಿಗೆ 0.5ರಲ್ಲಿಟ್ಟು ಆಡು, ಬೆರಳು ಪಳಗಿದ ಹಾಗೆ ಕೆಳಗಿಳಿಸು.